ಸ್ಮಾರಕದಾಚೆಗೆ: ಕೋಲಾರ ಚಿನ್ನದ ಗಣಿ ಮತ್ತು ಬಂಗಾರಪೇಟೆಯ ನಗರ ಪರಂಪರೆ

ಪ್ರವೇಶ

ನಗರ ಪರಂಪರೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕೋಟೆ, ಅರಮನೆ, ದೇವಾಲಯ, ಮಸೀದಿ, ಇಗರ್ಜಿ, ಗಡಿಯಾರದ ಗೋಪುರ ಮೊದಲಾದ ಕಟ್ಟಡಗಳು. ಅವು ಹಳೆಯವಾಗಿರಬೇಕು, ಕಲಾತ್ಮಕವಾಗಿರಬೇಕು, ಒಬ್ಬ ಅರಸನ ಇಲ್ಲವೇ ಒಂದು ರಾಜವಂಶದ ಹೆಸರನ್ನು ಹೇಳುವಂತಿರಬೇಕು ಎಂಬುದು ನಮ್ಮ ಸಾಮಾನ್ಯ ನಿರೀಕ್ಷೆ. ಈ ನಿರೀಕ್ಷೆ ಸಹಜವೆಂಬಂತೆ ತೋರಿದರೂ ಅದಕ್ಕೆ ತನ್ನದೇ ಆದ ಚರಿತ್ರೆಯಿದೆ. ಅದು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ರೂಪುಗೊಂಡು, ವಸಾಹತು ಆಡಳಿತದ ಕಾನೂನುಗಳ ಮೂಲಕ ನಮ್ಮಲ್ಲಿಗೆ ಬಂದು ನೆಲೆನಿಂತ ದೃಷ್ಟಿ.

ಈ ದೃಷ್ಟಿಯಿಂದ ನೋಡಿದರೆ ಕೋಲಾರ ಚಿನ್ನದ ಗಣಿ ಪ್ರದೇಶಕ್ಕೂ ಅದರ ಹೆಬ್ಬಾಗಿಲಿನಂತಿರುವ ಬಂಗಾರಪೇಟೆಗೂ ಹೇಳಿಕೊಳ್ಳುವಂಥ ಪರಂಪರೆಯೇ ಇಲ್ಲ. ಅಲ್ಲಿರುವುದು ತುಕ್ಕು ಹಿಡಿದ ಉಕ್ಕಿನ ಗೋಪುರಗಳು, ಸಾಲುಮನೆಗಳು, ಬೂದು ಬಣ್ಣದ ಮಣ್ಣಿನ ದಿಬ್ಬಗಳು, ಒಂದು ರೈಲ್ವೆ ಜಂಕ್ಷನ್ನು. ಆದರೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಮೂರು ನಾಲ್ಕು ಭಾಷೆಗಳ ದುಡಿಯುವ ಜನ ಇಲ್ಲಿ ಒಂದು ನಗರವನ್ನು ಕಟ್ಟಿ ಬಾಳಿದ್ದಾರೆ. ಅವರ ನೆನಪು, ಆಚರಣೆ, ನುಡಿ, ಹೋರಾಟಗಳನ್ನು ಪರಂಪರೆ ಎಂದು ಕರೆಯಲು ನಮ್ಮ ಪರಿಕಲ್ಪನೆಗಳು ಸಾಲದಾದರೆ, ಕೊರತೆ ಇರುವುದು ಪರಿಕಲ್ಪನೆಗಳಲ್ಲಿ, ಊರಿನಲ್ಲಲ್ಲ. ಪ್ರಸ್ತುತ ಲೇಖನದಲ್ಲಿ ಈ ಮಾತನ್ನು ಜಾನಪದ ಅಧ್ಯಯನದ ನೆಲೆಯಿಂದ ವಿವರಿಸಲು ಪ್ರಯತ್ನಿಸಲಾಗಿದೆ.

ಸ್ಮಾರಕ ಪರಿಕಲ್ಪನೆಯ ಹಿನ್ನೆಲೆ

ಆಸ್ಟ್ರಿಯಾದ ಕಲಾ ಇತಿಹಾಸಕಾರ ಅಲೋಯಿಸ್ ರೀಗಲ್ 1903ರಲ್ಲಿಯೇ ಸ್ಮಾರಕಗಳ ಬಗೆಗಿನ ಆಧುನಿಕ ಆರಾಧನೆಯನ್ನು ಕುರಿತು ಬರೆದಿದ್ದನು. ಸ್ಮಾರಕದ ಬೆಲೆ ವಸ್ತುವಿನಲ್ಲಿಯೇ ಹುದುಗಿಲ್ಲ, ಅದನ್ನು ನೋಡುವ ಕಾಲವು ಆರೋಪಿಸುವ ಮೌಲ್ಯಗಳಲ್ಲಿದೆ ಎಂಬುದು ಅವನ ವಿಚಾರದ ತಿರುಳು. ಅದರ ಮರುವರ್ಷವೇ, ಕರ್ಜನ್ನನ ಕಾಲದಲ್ಲಿ, 1904ರ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯಿದೆ ಭಾರತದಲ್ಲಿ ಜಾರಿಗೆ ಬಂದಿತು. ಸ್ವಾತಂತ್ರ್ಯಾನಂತರದ 1958ರ ಕೇಂದ್ರ ಕಾಯಿದೆಯು ಕಟ್ಟಡ, ಸಮಾಧಿ, ಗುಹೆ, ಶಿಲ್ಪ, ಶಾಸನ, ಏಕಶಿಲೆ ಮೊದಲಾದವುಗಳನ್ನು ಹೆಸರಿಸಿ, ಅವು ಐತಿಹಾಸಿಕ, ಪುರಾತತ್ತ್ವೀಯ ಅಥವಾ ಕಲಾತ್ಮಕ ಆಸಕ್ತಿಯುಳ್ಳವಾಗಿದ್ದು, ಕನಿಷ್ಠ ನೂರು ವರ್ಷ ಹಳೆಯವಾಗಿರಬೇಕೆಂದು ವಿಧಿಸಿತು. ರಾಜ್ಯದ 1961ರ ಕಾಯಿದೆಯೂ ಇದೇ ಜಾಡಿನಲ್ಲಿದೆ.

ಅಂತರರಾಷ್ಟ್ರೀಯ ಮಟ್ಟದಲ್ಲಿ 1964ರ ವೆನಿಸ್ ಸನ್ನದು ಮೂಲ ವಸ್ತುವಿನ ಅಧಿಕೃತತೆಗೆ ಒತ್ತು ನೀಡಿತು. ಕಲ್ಲಿನಲ್ಲಿ ಕಟ್ಟಿದ ನಾಡುಗಳಿಗೆ ಇದು ಒಪ್ಪುವ ಮಾತು. ಮರ, ಮಣ್ಣು, ಬಿದಿರುಗಳಲ್ಲಿ ಕಟ್ಟಿ, ಕಾಲಕಾಲಕ್ಕೆ ಹೊಸದು ಮಾಡಿಕೊಳ್ಳುವ ಸಮಾಜಗಳಿಗೆ ಇದು ಒಗ್ಗುವುದಿಲ್ಲವೆಂಬ ಅರಿವು 1994ರಲ್ಲಿ ಜಪಾನಿನ ನಾರಾದಲ್ಲಿ ಸಿದ್ಧವಾದ ದಸ್ತಾವೇಜಿನಲ್ಲಿ ವ್ಯಕ್ತವಾಯಿತು. 2003ರಲ್ಲಿ ಯುನೆಸ್ಕೋ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತವು ಅದನ್ನು 2005ರಲ್ಲಿ ಅನುಮೋದಿಸಿತು. 2011ರಲ್ಲಿ ನಗರವನ್ನು ಬಿಡಿ ಕಟ್ಟಡಗಳ ಮೊತ್ತವಾಗಿ ನೋಡದೆ ಐತಿಹಾಸಿಕ ಭೂದೃಶ್ಯವಾಗಿ ನೋಡಬೇಕೆಂಬ ಶಿಫಾರಸು ಬಂದಿತು. ಹೀಗೆ ಪರಿಕಲ್ಪನೆಗಳು ವಿಸ್ತಾರಗೊಂಡಿದ್ದರೂ ನಮ್ಮ ಕಾನೂನಿನ ಮತ್ತು ಪಟ್ಟಿಗಳ ಕಣ್ಣು ಬಹುಮಟ್ಟಿಗೆ 1904ರದ್ದಾಗಿಯೇ ಉಳಿದಿದೆ.

ಇಲ್ಲಿ ಗಮನಿಸಬೇಕಾದ ವೈದೃಶ್ಯವೊಂದಿದೆ. 1880ರಿಂದ ಕೋಲಾರದ ಗಣಿಗಳ ಆಡಳಿತ ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಮೂಲಪುರುಷನಾದ ಜಾನ್ ಟೇಲರ್ ಗಣಿ ವೃತ್ತಿಯಲ್ಲಿ ಪಳಗಿದ್ದು ಇಂಗ್ಲೆಂಡಿನ ಡೆವನ್ ಪ್ರಾಂತದ ಟಾವಿಸ್ಟಾಕ್ ಸುತ್ತಮುತ್ತ. ಕೋಲಾರಕ್ಕೆ ಬಂದ ಯುರೋಪಿಯನ್ ಗಣಿಗಾರರಲ್ಲಿ ಅನೇಕರು ನೆರೆಯ ಕಾರ್ನ್‌ವಾಲ್‌ನವರು. ಆ ಕಾರ್ನ್‌ವಾಲ್ ಮತ್ತು ಪಶ್ಚಿಮ ಡೆವನ್ನಿನ ಗಣಿ ಭೂದೃಶ್ಯವು 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ತಂತ್ರಜ್ಞಾನ ಜಗತ್ತಿನ ಬೇರೆಬೇರೆ ಕಡೆಗೆ ಹರಡಿತೆಂಬುದು ಅದರ ಮಹತ್ವಕ್ಕೆ ನೀಡಲಾದ ಕಾರಣಗಳಲ್ಲೊಂದು. ತಂತ್ರಜ್ಞಾನ ಹೊರಟ ಊರು ಪಟ್ಟಿಯಲ್ಲಿದೆ; ಅದು ಬಂದು ಸೇರಿದ, ಆ ತಂತ್ರಜ್ಞಾನಕ್ಕೆ ತನ್ನ ಮೈಯನ್ನು ತೆತ್ತ ಊರು ಅಲ್ಲಿಲ್ಲ. ಇಂಡೋನೇಷ್ಯಾದ ಸಾವಾಲುಂಟೊ ಕಲ್ಲಿದ್ದಲ ಗಣಿ 2019ರಲ್ಲಿ ಅದೇ ಪಟ್ಟಿಗೆ ಸೇರಿರುವುದರಿಂದ, ವಸಾಹತು ಕಾಲದ ಗಣಿನಗರವೊಂದು ಪರಂಪರೆಯಾಗಲಾರದೆಂಬ ವಾದ ಈಗ ನಿಲ್ಲುವುದಿಲ್ಲ.

ನೆಲದ ನೆನಪಿನ ಕ್ರಮಗಳು

ಸ್ಮಾರಕವೆಂಬ ಕಲ್ಪನೆ ಇಲ್ಲಿಗೆ ಬರುವ ಮೊದಲು ನಮ್ಮ ಜನ ನೆನಪನ್ನು ಕಾಯ್ದುಕೊಳ್ಳುತ್ತಿರಲಿಲ್ಲವೆ? ಕೋಲಾರ ಜಿಲ್ಲೆಯೇ ಇದಕ್ಕೆ ಉತ್ತರ ಕೊಡುತ್ತದೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಈ ಜಿಲ್ಲೆಯ ಶಾಸನಗಳಿವೆ. ತುರುಗಾಳಗದಲ್ಲಿ, ಊರಳಿವಿನಲ್ಲಿ ಮಡಿದವರ ವೀರಗಲ್ಲುಗಳು ಅವುಗಳಲ್ಲಿ ವಿಶೇಷವಾಗಿ ಗಮನ ಸೆಳೆಯುತ್ತವೆ. ವೀರಗಲ್ಲಿನಲ್ಲಿ ನೆನಪಿಗೆ ಪಾತ್ರನಾಗುವವನು ಹಲವೊಮ್ಮೆ ಒಬ್ಬ ಸಾಮಾನ್ಯ ಊರಿನವನು. ಅದು ನಿಲ್ಲುವುದು ಸಾವು ಸಂಭವಿಸಿದ ನೆಲದ ಆಸುಪಾಸಿನಲ್ಲಿ, ಜನ ಓಡಾಡುವ ದಾರಿಯಲ್ಲಿ, ಕೆರೆಯ ಏರಿಯ ಮೇಲೆ. ಎಷ್ಟೋ ಕಡೆ ಅದಕ್ಕೆ ಇಂದಿಗೂ ಎಣ್ಣೆ, ಕುಂಕುಮ ಸಲ್ಲುತ್ತದೆ. ಪುರಾತತ್ತ್ವದ ಕಣ್ಣಿಗೆ ಎಣ್ಣೆ ಬಳಿಯುವುದು ಕಲ್ಲಿಗೆ ಮಾಡುವ ಹಾನಿ. ಊರಿನ ಕಣ್ಣಿಗೆ ಅದೇ ಸಂರಕ್ಷಣೆ.

ಎರಡನೆಯ ಕ್ರಮ ಜೀರ್ಣೋದ್ಧಾರದ್ದು. ತಾನು ಕೊಟ್ಟ ದಾನಕ್ಕಿಂತ ಬೇರೆಯವರು ಕೊಟ್ಟದ್ದನ್ನು ಕಾಪಾಡುವುದು ಇಮ್ಮಡಿ ಪುಣ್ಯವೆಂಬ ಆಶಯ ನಮ್ಮ ಶಾಸನಗಳಲ್ಲಿ ಮರುಕಳಿಸುತ್ತದೆ. ಪಾಲಾರ್ ಹೊಳೆಯ ದಂಡೆಯ ಬೇತಮಂಗಲ, ಅಂದರೆ ಹಿಂದಿನ ವಿಜಯಾದಿತ್ಯಮಂಗಲದ ಕೆರೆಯನ್ನು ಒಡೆದಾಗಲೆಲ್ಲ ಮತ್ತೆ ಕಟ್ಟಿದ ಸಂಗತಿ ಹತ್ತು ಹಾಗೂ ಹನ್ನೆರಡನೆಯ ಶತಮಾನಗಳ ಶಾಸನಗಳಿಂದ ತಿಳಿದುಬರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಗಣಿನಗರಕ್ಕೆ ಕುಡಿಯುವ ನೀರು ಹೋದದ್ದು ಇದೇ ಬೇತಮಂಗಲದಿಂದ. ಇಲ್ಲಿ ಪರಂಪರೆ ಎಂದರೆ ಮೂಲದ ಕಲ್ಲು ಉಳಿಯುವುದಲ್ಲ, ನೀರು ನಿಲ್ಲುವುದು.

ಮೂರನೆಯದು ಆಚರಣೆಯ ಕ್ರಮ. ಬೆಂಗಳೂರು–ಕೋಲಾರ ಸೀಮೆಯ ಕರಗವನ್ನು ಪ್ರತಿವರ್ಷ ಹೊಸದಾಗಿ ಕಟ್ಟಿ, ಕೊನೆಗೆ ವಿಸರ್ಜಿಸುತ್ತಾರೆ. ಉಳಿಯುವುದು ವಸ್ತುವಲ್ಲ, ಅದು ಸಾಗುವ ಹಾದಿ, ಹೊರುವ ಹಕ್ಕು, ನಿಲ್ಲುವ ತಾಣಗಳು. ಬೆಂಗಳೂರಿನ ಕರಗ ಮಸ್ತಾನ್ ಸಾಹೇಬರ ದರ್ಗಾದ ಮುಂದೆ ನಿಂತು ಹೋಗುವುದು ಎಲ್ಲರಿಗೂ ತಿಳಿದ ವಿಷಯ. ಒಂದು ರಾತ್ರಿಯ ನಡಿಗೆ ಊರಿನ ಸಂಬಂಧಗಳ ನಕಾಶೆಯನ್ನೇ ಮತ್ತೆ ಬರೆಯುತ್ತದೆ. ಈ ಮೂರು ಕ್ರಮಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಗಣಿನಗರವನ್ನು ನೋಡಿದರೆ ಬೇರೆಯದೇ ಚಿತ್ರ ಮೂಡುತ್ತದೆ.

ಗಣಿನಗರದ ಪರಂಪರೆ: ಮೇಲೆ ಮತ್ತು ಕೆಳಗೆ

ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಈ ಭಾಗದ ಸರ್ವೇಕ್ಷಣೆ ನಡೆಸಿದಾಗ ಊರಿನ ಜನ ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದರು. ಹಳೆಯ ಗುಂಡಿಗಳೂ ಇದ್ದವು. ಅಂದರೆ ಗಣಿಗಾರಿಕೆಯ ಅರಿವು ಬ್ರಿಟಿಷರೊಂದಿಗೆ ಬಂದದ್ದಲ್ಲ. 1870ರ ದಶಕದಲ್ಲಿ ಲ್ಯಾವೆಲ್ ಎಂಬ ನಿವೃತ್ತ ಸೈನಿಕನು ಮೈಸೂರು ಸರ್ಕಾರದಿಂದ ಪರವಾನಗಿ ಪಡೆದನು. 1880ರಿಂದ ಟೇಲರ್ ಸಂಸ್ಥೆಯ ಕಾಲ. 1894ರಲ್ಲಿ ಅಂದಿನ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಬಂದಿತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ಹರಿದು ಗಣಿಯನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಬಂದದ್ದು 1905ರಲ್ಲಿ. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ ಗಣಿಗಳನ್ನು ವಹಿಸಿಕೊಂಡವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ರೂಪುಗೊಂಡಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು, 800 ಟನ್ನಿಗೂ ಮೇಲ್ಪಟ್ಟು ಚಿನ್ನ ಕೊಟ್ಟ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು.

ಇದು ದಾಖಲೆಗಳು ಹೇಳುವ ಕಥೆ. ಈ ಕಥೆಗೆ ಅನುಗುಣವಾಗಿ ಪರಂಪರೆಯನ್ನು ಹುಡುಕಿದರೆ ಸಿಗುವುದು ಅಧಿಕಾರಿಗಳ ಬಂಗಲೆ, ಕ್ಲಬ್ಬು, ಇಗರ್ಜಿ, ಯುರೋಪಿಯನ್ನರ ಸಮಾಧಿಭೂಮಿ. 'ಪುಟ್ಟ ಇಂಗ್ಲೆಂಡ್' ಎಂಬ ಬಿರುದನ್ನು ಊರಿನವರೇ ಅಭಿಮಾನದಿಂದ ಹೇಳಿಕೊಳ್ಳುವುದುಂಟು. ಆದರೆ ಆ ಬಂಗಲೆಗಳ ಕಾಲದಲ್ಲಿಯೇ ಉತ್ತರ ಆರ್ಕಾಟು, ಚಿತ್ತೂರು ಮೊದಲಾದ ಕಡೆಗಳಿಂದ ಬಂದ, ಹೆಚ್ಚಿನವರು ದಲಿತರೇ ಆಗಿದ್ದ ಕಾರ್ಮಿಕರು ಬಿದಿರಿನ ತಟ್ಟಿ ಹೊಡೆದ ಗುಡಿಸಲುಗಳ ಸಾಲಿನಲ್ಲಿ ಬದುಕುತ್ತಿದ್ದರು. ತಟ್ಟಿ ನೂರು ವರ್ಷ ಬಾಳುವುದಿಲ್ಲ. ಹಾಗಾಗಿ ಕಾಯಿದೆಯ ಅಳತೆಗೋಲಿನಲ್ಲಿ ಬಂಗಲೆ ಸ್ಮಾರಕವಾಗಬಲ್ಲದು, ತಟ್ಟಿಯ ಮನೆ ಎಂದೆಂದಿಗೂ ಆಗಲಾರದು. ವಸ್ತುವಿನ ಬಾಳಿಕೆಯನ್ನೇ ಪರಂಪರೆಯ ಮಾನದಂಡ ಮಾಡಿಕೊಂಡಾಗ ಬಡವರ ಚರಿತ್ರೆ ತಾನಾಗಿಯೇ ಹೊರಗುಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಉಳಿದದ್ದು 'ಲೈನು' ಎಂಬ ಘಟಕ. ತಟ್ಟಿ ಹೋಗಿ ಗೋಡೆಯ ಮನೆ ಬಂದರೂ ಸಾಲಿನ ರಚನೆ, ಅದರ ಹೆಸರು, ಅದರೊಳಗಿನ ನಂಟು ಮುಂದುವರಿದವು. ಲೈನಿಗೊಂದು ಮಾರಿಯಮ್ಮನ ಗುಡಿ, ಹತ್ತಿರದಲ್ಲಿ ಒಂದು ಇಗರ್ಜಿ, ಇನ್ನೊಂದೆಡೆ ಅಂಬೇಡ್ಕರರ ಪ್ರತಿಮೆ ಅಥವಾ ಬುದ್ಧವಿಹಾರ. ಇವೆಲ್ಲ ಕಾಲ್ನಡಿಗೆಯ ಅಂತರದಲ್ಲಿವೆ. ಕೇಜು, ಸ್ಕಿಪ್ಪು, ಶಾಫ್ಟು, ಲೆವೆಲ್ಲು ಎಂಬ ಮಾತುಗಳು ತಮಿಳು, ತೆಲುಗು, ಕನ್ನಡಗಳೊಂದಿಗೆ ಬೆರೆತು ಮನೆಮಾತಾದವು. ಆಳದ ಬಂಡೆ ಒತ್ತಡ ತಾಳದೆ ಸಿಡಿಯುವುದಕ್ಕೆ ಗಣಿಯವರು ಇಟ್ಟ ಹೆಸರು 'ಏರ್ ಬ್ಲಾಸ್ಟ್'. ಅದರ ನಡುಕ ಮೇಲಿನ ಮನೆಗಳಿಗೂ ತಟ್ಟುತ್ತಿತ್ತು. ಪಾತ್ರೆ ಅಲುಗಿದರೆ ಕೆಳಗೆ ಇಳಿದವರನ್ನು ನೆನೆದು ಶಾಫ್ಟಿನ ಬಾಯಿಗೆ ಓಡುವ ಜನರಿಗೆ ನಗರವೆಂಬುದು ಎರಡು ಅಂತಸ್ತಿನದು: ಕಣ್ಣಿಗೆ ಕಾಣುವ ಮೇಲಿನ ಊರು, ಕಾಣದ ಕೆಳಗಿನ ಊರು. ಗಣಿ ಮುಚ್ಚಿ ಪಂಪುಗಳು ನಿಂತ ಮೇಲೆ ಕೆಳಗಿನ ಊರಿಗೆ ನೀರು ತುಂಬಿಕೊಂಡಿತು. ಗಿಫರ್ಡ್, ಎಡ್ಗರ್ ಮೊದಲಾದ ಶಾಫ್ಟುಗಳ ಹೆಸರುಗಳ ಕೆಳಗೆ ಯಾವ ಕೆಲಸ, ಯಾವ ಭಯ, ಯಾವ ಗೆಳೆತನಗಳಿದ್ದವು ಎಂಬುದು ಇಂದು ಅಲ್ಲಿ ದುಡಿದವರ ನೆನಪಿನಲ್ಲಿ ಮಾತ್ರ ಇದೆ. ಅವರಲ್ಲಿ ಕೊನೆಯ ತಲೆಮಾರಿನವರೂ ಈಗ ವೃದ್ಧರಾಗಿದ್ದಾರೆ. ಭಾರತದಲ್ಲಿ ಸಿಲಿಕೋಸಿಸ್ ರೋಗ ಮೊದಲು ವರದಿಯಾದದ್ದು 1934ರಲ್ಲಿ ಇದೇ ಗಣಿಯಿಂದ. ಈ ಪರಂಪರೆಯ ಒಂದು ಭಾಗ ಕಾರ್ಮಿಕರ ಶ್ವಾಸಕೋಶದಲ್ಲಿಯೇ ದಾಖಲಾಗಿದೆ ಎಂದರೆ ಉತ್ಪ್ರೇಕ್ಷೆಯಾಗದು.

ಇಲ್ಲಿನ ವೈಚಾರಿಕ ಪರಂಪರೆಯೂ ಸಣ್ಣದಲ್ಲ. ಅಯೋತಿದಾಸ ಪಂಡಿತರ ಬೌದ್ಧ ಚಳವಳಿಗೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಮಾರಿಕುಪ್ಪಂನಲ್ಲಿ ಶಾಖೆಯಿತ್ತು. ಚೆನ್ನೈಯಲ್ಲಿ ಅವರು 1907ರಲ್ಲಿ ಆರಂಭಿಸಿದ 'ತಮಿಳನ್' ಪತ್ರಿಕೆ ಅವರ ನಿಧನಾನಂತರ, 1926ರಲ್ಲಿ, ಈ ಗಣಿನಗರದಿಂದಲೇ ಮರುಹುಟ್ಟು ಪಡೆಯಿತು. 'ಸಿದ್ಧಾರ್ಥ ಪುತ್ತಗಶಾಲೆ' ಅವರ ಬರಹಗಳನ್ನು ಪ್ರಕಟಿಸಿತು. ದಿನವಿಡೀ ನೆಲದಡಿಯಲ್ಲಿ ದುಡಿದವರು ತಮ್ಮ ದುಡಿಮೆಯ ಹಣದಿಂದ ಅಚ್ಚು ಹಾಕಿಸಿದ ವಿಚಾರಗಳಿವು. 1930ರ ಏಪ್ರಿಲ್‌ನಲ್ಲಿ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮದ ವಿರುದ್ಧ ಕಾರ್ಮಿಕರು ಮೂರು ವಾರಗಳ ಮುಷ್ಕರ ಹೂಡಿದರು. ಇದನ್ನು ಜಾನಕಿ ನಾಯರ್ ತಮ್ಮ ಅಧ್ಯಯನದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. 1946ರ ನವೆಂಬರಿನಲ್ಲಿ ಪೊಲೀಸರ ಗೋಲಿಬಾರಿಗೆ ಕಾರ್ಮಿಕರು ಬಲಿಯಾದರು. ಅವರನ್ನು ನೆನೆಯುವ ಕ್ರಮವು ಸ್ವರೂಪದಲ್ಲಿ ವೀರಗಲ್ಲಿನ ಪರಂಪರೆಗೆ ಹತ್ತಿರವಾದುದೇ ಹೊರತು ವಿಜಯಸ್ತಂಭದ ಪರಂಪರೆಗಲ್ಲ.

ಬಂಗಾರಪೇಟೆ: ಹೆಸರು, ಹಾದಿ, ರುಚಿ

ಬಂಗಾರಪೇಟೆ ರೈಲಿನಿಂದ ಬೆಳೆದ ಊರು. 1864ರಲ್ಲಿ ಬೆಂಗಳೂರು ದಂಡು ಪ್ರದೇಶಕ್ಕೆ ಜೋಲಾರಪೇಟೆಯಿಂದ ಹಳಿ ಬಂದ ಕಾಲದಲ್ಲಿ ಮೈಸೂರಿನ ಕಮಿಷನರ್ ಆಗಿದ್ದವನು ಲೆವಿನ್ ಬೌರಿಂಗ್. ಅವನ ಹೆಸರಿನಲ್ಲಿ ಬೌರಿಂಗ್‌ಪೇಟೆಯಾದ ಊರು ಮುಂದೆ ಬಂಗಾರಪೇಟೆಯಾಯಿತು. ಧ್ವನಿಸಾಮ್ಯ ಒಂದು ಕಡೆ, ಚಿನ್ನದ ಗಣಿಗೆ ಹೋಗುವ ದಾರಿ ಇದೆಂಬ ಅರ್ಥ ಇನ್ನೊಂದು ಕಡೆ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳು ಹಾಗೆಯೇ ಉಳಿದು ಇದೊಂದು ಬದಲಾದದ್ದು ಸ್ಥಳನಾಮ ಅಧ್ಯಯನಕ್ಕೆ ಸ್ವಾರಸ್ಯದ ವಿಷಯ. ವಸಾಹತುಶಾಹಿಯ ಹೆಸರನ್ನು ಅಳಿಸದೆಯೇ ಅದರ ದನಿಯೊಳಗಿನಿಂದ ತಮ್ಮ ಅರ್ಥವನ್ನು ಹೊರತೆಗೆಯುವ ಈ ಬಗೆ ಕಟ್ಟಡಗಳ ಪಟ್ಟಿಯಲ್ಲಿ ಎಂದೂ ಕಾಣಿಸದು.

ಗಣಿ ಮುಚ್ಚಿದ ಮೇಲೆ ಈ ಹಾದಿಯ ದಿಕ್ಕು ಬದಲಾಯಿತು. ಒಂದು ಕಾಲಕ್ಕೆ ದುಡಿಯುವವರನ್ನು ಗಣಿಗೆ ತಂದ ಹಳಿಗಳ ಮೇಲೆಯೇ ಈಗ ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಸಾವಿರಾರು ಜನ ದಿನವೂ ಬೆಂಗಳೂರಿಗೆ ದುಡಿಯಲು ಹೋಗಿ ಬರುತ್ತಾರೆ. ಬೆಳಗಿನ ಕತ್ತಲಲ್ಲಿ ಮನೆ ಬಿಟ್ಟು ರಾತ್ರಿಯ ಕತ್ತಲಲ್ಲಿ ಮರಳುವ ಈ ಬದುಕು ಗಣಿಯ ಪಾಳಿಯನ್ನೇ ನೆನಪಿಗೆ ತರುತ್ತದೆ. ರೈಲಿನ ಪೆಟ್ಟಿಗೆಯಲ್ಲಿ ನಡೆಯುವ ಹರಟೆ, ಹಾಡು, ಇಸ್ಪೀಟು, ಹಬ್ಬದ ಪೂಜೆಗಳು ನಗರ ಜಾನಪದದ ಅಧ್ಯಯನಕ್ಕೆ ತಕ್ಕ ಕ್ಷೇತ್ರ. ತಿಳಿನೀರಿನ ಪಾನಿಪುರಿಯಿಂದ ಹೆಸರಾದ ಬಂಗಾರಪೇಟೆಯ ರುಚಿಯೂ ಇದೇ ಹಾದಿಯಲ್ಲಿ ಸಾಗಿ ಬೆಂಗಳೂರಿನ ಬೀದಿಬದಿಯ ಫಲಕಗಳಲ್ಲಿ ಊರಿನ ಹೆಸರನ್ನು ಬರೆಸಿದೆ. ಸ್ಮಾರಕವಿಲ್ಲದ ಊರು ತನ್ನ ಹೆಸರನ್ನು ಹೀಗೂ ಉಳಿಸಿಕೊಳ್ಳುತ್ತದೆ.

ದಿಬ್ಬಗಳ ಪ್ರಶ್ನೆ

ಈ ಚರ್ಚೆ ಕೇವಲ ತಾತ್ತ್ವಿಕವಾದುದಲ್ಲ. ಅದಿರನ್ನು ಅರೆದು, ಸೈನೈಡ್ ದ್ರಾವಣದಿಂದ ಚಿನ್ನ ಬಿಡಿಸಿಕೊಂಡ ಮೇಲೆ ಉಳಿದ ನುಣುಪು ಮಣ್ಣು ಮೂರು ಕೋಟಿ ಟನ್ನಿಗೂ ಹೆಚ್ಚು. ಅದರ ರಾಶಿಗಳೇ ಊರಿನವರು 'ಸೈನೈಡ್ ದಿಬ್ಬ'ಗಳೆಂದು ಕರೆಯುವ ಗುಡ್ಡಗಳು. ಆಳದಿಂದ ತಲೆಮಾರುಗಳು ಮೇಲೆತ್ತಿದ ಬಂಡೆಯ ಒಟ್ಟು ಲೆಕ್ಕ ಅದು. ಬೇಸಗೆಯ ಗಾಳಿಗೆ ಅದರ ಧೂಳು ಮನೆಗಳಿಗೆ ನುಗ್ಗುವುದೂ ಅಷ್ಟೇ ನಿಜ. 2018ರಲ್ಲಿ ತೆರೆಗೆ ಬಂದ 'ಕೆ.ಜಿ.ಎಫ್.' ಚಲನಚಿತ್ರದಿಂದ ಈ ಊರಿನ ಹೆಸರು ದೇಶದಾದ್ಯಂತ ಪರಿಚಿತವಾಯಿತು. ಆದರೆ ಆ ಕಥೆ ಕಾಲ್ಪನಿಕ, ಅದರಲ್ಲಿ ಲೈನಿನ ಜನರ ಚರಿತ್ರೆಯಿಲ್ಲ. ಈ ಪೈಕಿ 1,003 ಎಕರೆಗೂ ಹೆಚ್ಚು ಪ್ರದೇಶದಲ್ಲಿರುವ 13 ದಿಬ್ಬಗಳನ್ನು ಹರಾಜು ಹಾಕಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು.

ದಿಬ್ಬಗಳನ್ನು ಇದ್ದಂತೆಯೇ ಉಳಿಸಬೇಕೆಂದು ವಾದಿಸುವುದು ಮತ್ತೆ ಸ್ಮಾರಕದ ಬಲೆಗೆ ಬೀಳುವುದೇ ಆಗುತ್ತದೆ. ಧೂಳು ಕುಡಿಯುವವರಿಗೆ ನೋಟದ ಸೊಬಗಿನ ಮಾತು ಹೇಳುವುದು ನ್ಯಾಯವಲ್ಲ. ಆದರೆ ದಿಬ್ಬ ಹೋಗುವುದಾದರೆ ಅದರೊಂದಿಗೆ ಏನೇನು ಹೋಗುತ್ತದೆ, ಯಾರ ಒಪ್ಪಿಗೆಯಿಂದ ಹೋಗುತ್ತದೆ, ಅದರ ಫಲ ಯಾರಿಗೆ ಸಲ್ಲುತ್ತದೆ ಎಂಬ ಪ್ರಶ್ನೆಗಳನ್ನು ಪರಂಪರೆಯ ಪ್ರಶ್ನೆಗಳಾಗಿಯೇ ಕೇಳಬೇಕು. ಪರಂಪರೆಯೆಂದರೆ ಒಂದು ಸಮುದಾಯಕ್ಕೆ ತನ್ನ ದುಡಿಮೆಯ ಫಲದ ಮೇಲೆ, ತನ್ನ ನೆಲದ ಭವಿಷ್ಯದ ಮೇಲೆ ಇರುವ ಮಾತಿನ ಹಕ್ಕು. ಗಣಿಯ ಸಾಲುಮನೆಗಳಲ್ಲಿ ತಲೆಮಾರುಗಳಿಂದ ಬದುಕಿದವರ ಮನೆಯ ಹಕ್ಕಿನ ಪ್ರಶ್ನೆಯೂ ಇದರೊಳಗೇ ಬರುತ್ತದೆ. ಮನೆಯನ್ನು 'ಪಾರಂಪರಿಕ'ವೆಂದು ಘೋಷಿಸಿ ಮನೆಯವರನ್ನು ಹೊರಹಾಕುವ ಸಂರಕ್ಷಣೆ ಸಂರಕ್ಷಣೆಯಲ್ಲ.

ಇದೇ ಪ್ರದೇಶದ ಪೆದ್ದಪಲ್ಲಿಯ ಅಗ್ನಿಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೊ ಕಣಗಳ ಸುಳಿವು ದೊರೆತದ್ದು ಭೌತವಿಜ್ಞಾನದ ಚರಿತ್ರೆಯಲ್ಲಿ ಸ್ಥಾನ ಪಡೆದಿದೆ. ಶಿಲೆಗೂ ಕಣಕ್ಕೂ ಸಂದ ಈ ಮನ್ನಣೆ ಯೋಗ್ಯವಾದುದೇ. ಅವೆರಡರ ನಡುವೆ ನಿಂತು ಆ ಆಳವನ್ನು ತೋಡಿದ ಮನುಷ್ಯನಿಗೆ ಅಂಥ ಮನ್ನಣೆ ಇನ್ನೂ ಸಂದಿಲ್ಲ.

ಸಮಾರೋಪ

ಈ ವಿವೇಚನೆಯಿಂದ ಕೆಲವು ಮಾತುಗಳನ್ನು ಹೇಳಬಹುದು. ಮೊದಲನೆಯದಾಗಿ, ನಗರ ಪರಂಪರೆಯನ್ನು ಗುರುತಿಸುವಾಗ ವಸ್ತುವಿನ ವಯಸ್ಸಿಗಿಂತ ಬಳಕೆಯ ನಿರಂತರತೆ, ನೆನಪಿನ ಸಾಂದ್ರತೆ ಮತ್ತು ಸಮುದಾಯದ ಒಡೆತನಗಳು ಮುಖ್ಯವಾಗಬೇಕು. ಎರಡನೆಯದಾಗಿ, ದಿಬ್ಬಗಳನ್ನು ಮುಟ್ಟುವ ಮೊದಲು ಗಣಿ ಪ್ರದೇಶದ ಸ್ಥಳನಾಮಗಳು, ಲೈನುಗಳು, ಹಬ್ಬದ ಮೆರವಣಿಗೆಯ ಹಾದಿಗಳು, ವೃತ್ತಿಪದಗಳು ಹಾಗೂ ಕಾರ್ಮಿಕರ ಜೀವನಕಥನಗಳನ್ನು ತಮಿಳು, ತೆಲುಗು, ಕನ್ನಡ, ಉರ್ದುಗಳಲ್ಲಿ ಅವರವರ ನುಡಿಯಲ್ಲಿಯೇ ದಾಖಲಿಸುವ ಕೆಲಸ ನಡೆಯಬೇಕು. ಗಣಿಯ ಹಾಜರಿ ಪುಸ್ತಕ, ಅಪಘಾತದ ವರದಿ, ಆಸ್ಪತ್ರೆಯ ದಾಖಲೆಗಳಿಗೆ ಸಾರ್ವಜನಿಕ ಪತ್ರಾಗಾರದಲ್ಲಿ ಜಾಗ ದೊರೆಯಬೇಕು. ಮೂರನೆಯದಾಗಿ, ಕನ್ನಡ ಜಾನಪದ ಅಧ್ಯಯನವು ತನ್ನ ಎರಡು ಗಡಿಗಳನ್ನು ದಾಟಬೇಕಾಗಿದೆ: ಜಾನಪದವೆಂದರೆ ಹಳ್ಳಿಯದು ಎಂಬ ಗಡಿ ಒಂದು, ಕನ್ನಡದ್ದು ಮಾತ್ರ ಎಂಬ ಗಡಿ ಮತ್ತೊಂದು. ಕರ್ನಾಟಕದ ನೆಲದ ಆಳದಲ್ಲಿ ದುಡಿದವರ ತಮಿಳು ಹಾಡೂ ಕರ್ನಾಟಕದ ಜಾನಪದವೇ.

ಚಿನ್ನದ ಗಣಿಯಲ್ಲಿ ಅದಿರನ್ನೂ ಬರಿಯ ಕಲ್ಲನ್ನೂ ಬೇರ್ಪಡಿಸುವುದು ಒಂದು ಕಸುಬು. ಆ ಕಾಲದ ತಂತ್ರಕ್ಕೆ ನಿಲುಕದೆ ದಿಬ್ಬಕ್ಕೆ ಸೇರಿದ ಮಣ್ಣಿನಲ್ಲಿಯೂ ಚಿನ್ನವಿದೆಯೆಂದು ಇಂದು ಲೆಕ್ಕ ಹಾಕಲಾಗುತ್ತಿದೆ. ಪರಂಪರೆಯ ಪಟ್ಟಿಗಳು ಬರಿಯ ಕಲ್ಲೆಂದು ಬಿಟ್ಟ ನಗರಗಳನ್ನೂ ಇದೇ ರೀತಿ ಮತ್ತೊಮ್ಮೆ ಪರಿಶೀಲಿಸುವ ಹೊಣೆ ಸಂಶೋಧಕರ ಮೇಲಿದೆ. ಇದರಲ್ಲಿ ತಡಮಾಡುವಂತಿಲ್ಲ, ದಿಬ್ಬದ ಚಿನ್ನ ಕಾಯಬಲ್ಲದು, ಅದನ್ನು ಮೇಲೆತ್ತಿದವರ ನೆನಪು ಕಾಯಲಾರದು.